ಎಡ್ಮಂಡ್ ಗುಂಟರ್: ಹೊಲದ ಅಳತೆಗೆ ದಶಮಾಂಶ ತಂದವನು

ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಗೆ ನಾನು ಮಾಡಿದ ವಿಸ್ತೀರ್ಣದ ಪಾಠಕ್ಕೆ ಪೀಠಿಕೆಯಾಗಿ ಎಡ್ಮಂಡ್ ಗುಂಟರ್‌ನ ಜೀವನವನ್ನು ಆರಿಸಿಕೊಂಡೆ. ಒಂದು ಎಕರೆಗೆ 43,560 ಚದರ ಅಡಿ ಎಂಬುದನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಸಂಖ್ಯೆ ಹೊಲದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಲು ಈತನ ಬದುಕಿಗಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಇದೇ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ನೆರವಾಗಲಿ ಎಂದು ಅದನ್ನು ಇಲ್ಲಿ ಬರೆದಿದ್ದೇನೆ.

ಗುಂಟರ್ ಹುಟ್ಟಿದ್ದು 1581ರಲ್ಲಿ, ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಕಲಿತು, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದ. ಓದಿದ್ದು ಧರ್ಮಶಾಸ್ತ್ರ. 1615ರಲ್ಲಿ ಪಾದ್ರಿಯಾಗಿ ಲಂಡನ್ನಿನ ಸದಕ್‌ನ ಸಂತ ಜಾರ್ಜ್ ಚರ್ಚಿನ ಹೊಣೆ ಹೊತ್ತ. ಆದರೆ ಮನಸ್ಸು ಮೊದಲಿನಿಂದಲೂ ಅಳತೆಯ ಸಾಧನಗಳ ಕಡೆಗೇ ಇತ್ತು. ಸೂರ್ಯಗಡಿಯಾರ, ಕೋನ ಅಳೆಯುವ ಕ್ವಾಡ್ರಂಟ್, ಕೈವಾರದಂತೆ ತೆರೆದು ಅನುಪಾತ ಕಂಡುಹಿಡಿಯುವ ಸೆಕ್ಟರ್ ಇವುಗಳನ್ನು ಸುಧಾರಿಸುವುದರಲ್ಲಿ ಆತನ ಬಿಡುವೆಲ್ಲ ಕಳೆಯುತ್ತಿತ್ತು.

ಆತನ ಬದುಕಿನ ಒಂದು ಪ್ರಸಂಗ ಶಿಕ್ಷಕರಾಗುವ ನಮಗೆ ಮುಖ್ಯ. 1619ರಲ್ಲಿ ಸರ್ ಹೆನ್ರಿ ಸ್ಯಾವಿಲ್ ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪೀಠ ಸ್ಥಾಪಿಸಿದ. ಆ ಹುದ್ದೆಗಾಗಿ ಗುಂಟರ್ ತನ್ನ ಸೆಕ್ಟರ್ ಮತ್ತು ಕ್ವಾಡ್ರಂಟ್ ಹಿಡಿದುಕೊಂಡು ಹೋಗಿ, ತ್ರಿಭುಜಗಳನ್ನು ಅವುಗಳಿಂದಲೇ ಬಿಡಿಸಿ ತೋರಿಸಿದನಂತೆ. ಸ್ಯಾವಿಲ್‌ಗೆ ಅದು ರೇಖಾಗಣಿತವಾಗಿ ಕಾಣಲಿಲ್ಲ, ಕೈಚಳಕದ ಆಟವಾಗಿ ಕಂಡಿತು. ಆತ ಗುಂಟರ್‌ನನ್ನು ಕಳುಹಿಸಿಬಿಟ್ಟು ಹೆನ್ರಿ ಬ್ರಿಗ್ಸ್‌ನನ್ನು ಕರೆಸಿಕೊಂಡ ಎಂದು ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಬ್ರಿಗ್ಸ್ ಗುಂಟರ್‌ನ ಸ್ನೇಹಿತನೇ. ಗುಂಟರ್‌ಗೆ ಲಂಡನ್ನಿನ ಗ್ರೆಷಮ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಅಲ್ಲಿಯ ಉಪನ್ಯಾಸಗಳು ಊರಿನ ಜನರಿಗೆ ಉಚಿತ. ಆಕ್ಸ್‌ಫರ್ಡಿನಲ್ಲಿ ಆಟವೆನಿಸಿದ್ದು ಇಲ್ಲಿ ಹಡಗಿನವರಿಗೂ ಭೂಮಾಪಕರಿಗೂ ಬೇಕಾದ ವಿದ್ಯೆಯಾಗಿತ್ತು.

1620ರಲ್ಲಿ ಆತ ಸೈನ್ ಮತ್ತು ಟ್ಯಾಂಜೆಂಟ್‌ಗಳ ಲಾಗರಿದಮ್ ಕೋಷ್ಟಕ ಪ್ರಕಟಿಸಿದ. ನಮ್ಮ ಮಕ್ಕಳು ಹತ್ತನೆಯ ತರಗತಿಯಲ್ಲಿ ಕಲಿಯುವ ಕೊಸೈನ್ ಎಂಬ ಹೆಸರು ಆತ ಕೊಟ್ಟದ್ದೇ. ಲಾಗರಿದಮ್ಮುಗಳನ್ನು ಒಂದು ಪಟ್ಟಿಯ ಮೇಲೆ ಗುರುತಿಸಿ, ಕೈವಾರದಿಂದ ಅಳೆದು ಗುಣಾಕಾರ ಮಾಡುವ ಉಪಾಯವನ್ನೂ ಹೂಡಿದ. ಮುಂದೆ ಸ್ಲೈಡ್ ರೂಲ್ ಹುಟ್ಟಿದ್ದು ಅದರಿಂದಲೇ. ಸಾಧನಗಳ ಬಳಕೆಯ ಬಗೆಗಿನ ಪುಸ್ತಕವನ್ನು 1623ರಲ್ಲಿ ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿದ. ಲ್ಯಾಟಿನ್ ಬಾರದ ಕಸುಬಿನವರೂ ಹೀಗೆ ಅದನ್ನು ಓದುವಂತಾಯಿತು.

ಭೂಮಾಪನಕ್ಕೆ ಆತ ಕೊಟ್ಟದ್ದು ಕಬ್ಬಿಣದ ಸರಪಳಿ. ಆಗ ಇಂಗ್ಲೆಂಡಿನ ಭೂಮಾಪಕರ ಮೂಲಮಾನ ಹದಿನಾರೂವರೆ ಅಡಿ ಉದ್ದದ ಕೋಲು. 160 ಚದರ ಕೋಲಿಗೆ ಒಂದು ಎಕರೆ. ಅಡಿಯಲ್ಲಿ ಲೆಕ್ಕ ಹಾಕಿದರೆ ಭಿನ್ನರಾಶಿಗಳ ಕಾಟ. ಗುಂಟರ್ ನಾಲ್ಕು ಕೋಲು ಸೇರಿಸಿ 66 ಅಡಿಯ ಒಂದು ಸರಪಳಿ ಮಾಡಿ, ಅದನ್ನು 100 ಕೊಂಡಿಗಳಾಗಿ ಭಾಗಿಸಿದ. ಒಂದು ಕೊಂಡಿ 7.92 ಅಂಗುಲ. ಹಳೆಯ ಎಕರೆ ಹಾಗೆಯೇ ಉಳಿಯಿತು, ಆದರೆ ಲೆಕ್ಕ ಮಾತ್ರ ದಶಮಾಂಶಕ್ಕೆ ಬಂತು. 10 ಚದರ ಸರಪಳಿಗೆ ಒಂದು ಎಕರೆ, ಅಂದರೆ 1,00,000 ಚದರ ಕೊಂಡಿ.

ಮಕ್ಕಳಿಗೆ ನಾನು ಕೊಟ್ಟ ಲೆಕ್ಕ ಇದು. ಆಯತಾಕಾರದ ಹೊಲವೊಂದರ ಉದ್ದ 6 ಸರಪಳಿ 25 ಕೊಂಡಿ, ಅಗಲ 4 ಸರಪಳಿ 80 ಕೊಂಡಿ. 625ನ್ನು 480ರಿಂದ ಗುಣಿಸಿದರೆ 3,00,000. ಐದು ಸ್ಥಾನ ಹಿಂದಕ್ಕೆ ಸರಿಸಿದರೆ 3 ಎಕರೆ. ಇದನ್ನೇ ಅಡಿಯಲ್ಲಿ ಮಾಡಲು ಹೊರಟವರು 412.5ನ್ನು 316.8ರಿಂದ ಗುಣಿಸಿ, 43,560ರಿಂದ ಭಾಗಿಸಬೇಕಾಯಿತು. ಎರಡನ್ನೂ ಮಾಡಿದ ಮೇಲೆ ಸರಪಳಿಯ ಗುಣವನ್ನು ನಾನು ವಿವರಿಸಬೇಕಾಗಿ ಬರಲಿಲ್ಲ.

ಈ ಸುಲಭದ ಹಿಂದೆ ಹಕ್ಕಿನ ಪ್ರಶ್ನೆಯಿದೆ. ಪತ್ರದಲ್ಲಿ ಜಮೀನನ್ನು ಮರ, ಹಳ್ಳ, ನೆರೆಯವನ ಹೆಸರು ಹೇಳಿ ಗುರುತಿಸಿದರೆ, ಮರ ಬೀಳುತ್ತದೆ, ಹಳ್ಳ ದಿಕ್ಕು ಬದಲಿಸುತ್ತದೆ, ನೆರೆಯವನು ಮಾರಿ ಹೋಗುತ್ತಾನೆ. ಪ್ರತಿ ಬದಿಯ ದಿಕ್ಕನ್ನೂ ಉದ್ದವನ್ನೂ ಬರೆದಿಟ್ಟರೆ, ನೂರು ವರ್ಷದ ಮೇಲೂ ಇನ್ನೊಬ್ಬ ಭೂಮಾಪಕ ಅದೇ ಗಡಿಯನ್ನು ನಡೆದು ತೋರಿಸಬಹುದು. ಆದರೆ ದಿಕ್ಕಿನಲ್ಲೂ ಒಂದು ತೊಡಕಿದೆ. 1580ರಲ್ಲಿ ವಿಲಿಯಂ ಬರೋ ಲಂಡನ್ನಿನ ಬಳಿ ಅಳೆದಾಗ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ 11 ಡಿಗ್ರಿಗೂ ಹೆಚ್ಚು ಪೂರ್ವಕ್ಕೆ ವಾಲಿತ್ತು. 1622ರಲ್ಲಿ ಗುಂಟರ್ ಅಳೆದಾಗ ಸಿಕ್ಕದ್ದು ಸುಮಾರು 6 ಡಿಗ್ರಿ. ಈ ವ್ಯತ್ಯಾಸ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಆತನ ನಂತರ ಅದೇ ಪೀಠಕ್ಕೆ ಬಂದ ಹೆನ್ರಿ ಗೆಲಿಬ್ರಾಂಡ್ 1635ರಲ್ಲಿ ಖಚಿತಪಡಿಸಿದ. ಹಳೆಯ ಪತ್ರದ ದಿಕ್ಕನ್ನು ಓದುವಾಗ ಅಳತೆ ಮಾಡಿದ ವರ್ಷವನ್ನೂ ನೋಡಬೇಕಾದ್ದು ಇದಕ್ಕಾಗಿ.

ಗುಂಟರ್ 1626ರ ಡಿಸೆಂಬರ್ 10ರಂದು ಗ್ರೆಷಮ್ ಕಾಲೇಜಿನಲ್ಲೇ ತೀರಿಕೊಂಡ. ಆತನ ಸರಪಳಿ ಸಮುದ್ರ ದಾಟಿತು. ಅಮೆರಿಕದ 1785ರ ಭೂ ಕಾಯಿದೆ ನೆಲವನ್ನು ಆರು ಮೈಲಿ ಚೌಕಗಳಾಗಿ, ಪ್ರತಿ ಚೌಕವನ್ನು ತಲಾ 640 ಎಕರೆಯ 36 ತುಂಡುಗಳಾಗಿ ಗುರುತಿಸಲು ಹೇಳಿತು. 80 ಸರಪಳಿಗೆ ಒಂದು ಮೈಲಿಯಾದ್ದರಿಂದ ಲೆಕ್ಕ ಸರಾಗ. ಪ್ರತಿ ಚೌಕದ 16ನೆಯ ತುಂಡು ಶಾಲೆಗೆ ಮೀಸಲು. ಕ್ರಿಕೆಟ್ ಪಿಚ್ಚಿನ 22 ಗಜವೂ ಗುಂಟರ್‌ನ ಒಂದು ಸರಪಳಿಯೇ. ತರಗತಿ ಎದ್ದು ಕೂತದ್ದು ಈ ಮಾತಿಗೆ.

ಹೆಸರು ಕೇಳಿದೊಡನೆ ನಮ್ಮ ಗುಂಟೆ ಇವನಿಂದ ಬಂತೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆ ಸಾಮ್ಯ ಸದ್ದಿನದು ಮಾತ್ರ. ಗುಂಟೆ ನಮ್ಮ ನಾಡಿನದೇ ಮಾತು. ನಂಟಿರುವುದು ಅಳತೆಯಲ್ಲಿ. ನಮ್ಮ ಸರ್ವೆಯ ಸರಪಳಿ 33 ಅಡಿ, ಅಂದರೆ ಗುಂಟರ್‌ನದರ ಅರ್ಧ. ಅದಕ್ಕೆ 16 ಆಣೆ. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಪಹಣಿಯ ವಿಸ್ತೀರ್ಣವನ್ನು ಓದಲು ಇಷ್ಟು ಸಾಕು.

ಪಾಠದ ಮುಂದುವರಿಕೆಯಾಗಿ 33 ಅಡಿಯ ಹಗ್ಗಕ್ಕೆ ಹದಿನಾರು ಗಂಟು ಗುರುತು ಹಾಕಿ, ಶಾಲೆಯ ಆಟದ ಬಯಲನ್ನು ತಂಡವಾಗಿ ಅಳೆಸಬಹುದು. ಒಂದೇ ಬದಿಯನ್ನು ಎರಡು ತಂಡಗಳು ಬೇರೆಬೇರೆಯಾಗಿ ಅಳೆದು ಹೋಲಿಸಲಿ. ಹಗ್ಗ ಜಗ್ಗುತ್ತದೆ ಎಂಬುದೂ, ಅಳತೆಗೋಲನ್ನೇ ಆಗಾಗ ಅಳೆದು ನೋಡಬೇಕು ಎಂಬುದೂ ಅವರಿಗೇ ತಿಳಿಯುತ್ತದೆ. ಸಾಧನ ಹಿಡಿದ ಕೈ ಯೋಚಿಸುವುದಿಲ್ಲ ಎಂದು ಸ್ಯಾವಿಲ್ ಎಣಿಸಿದ್ದಿರಬಹುದು. ಸಾಧನ ಏಕೆ ಹಾಗಿದೆ ಎಂದು ಕೇಳುವ ತನಕ ಮಕ್ಕಳನ್ನು ಕರೆದೊಯ್ಯುವುದು ಶಿಕ್ಷಕರ ಕೆಲಸ.