ವರ್ನರ್ ಫೋರ್ಸ್‌ಮನ್

ಕಳೆದ ವರ್ಷ ನಮ್ಮಣ್ಣನ ತೋಳಿನಲ್ಲಿ ರಕ್ತದೊತ್ತಡ ವಿಪರೀತವಾಗಿಯೂ ಕಾಲಿನಲ್ಲಿ ನಾಡಿ ತೀರ ಕ್ಷೀಣವಾಗಿಯೂ ಇರುವುದನ್ನು ವೈದ್ಯರು ಕಂಡುಹಿಡಿದರು. ಹೃದಯದಿಂದ ಹೊರಡುವ ಮಹಾಧಮನಿಯು ಹುಟ್ಟಿನಿಂದಲೇ ಒಂದೆಡೆ ಇಕ್ಕಟ್ಟಾಗಿತ್ತಂತೆ. ಮನೆಯಲ್ಲಿ ಓದಿದವನು ನಾನೊಬ್ಬನೇ. ಎಲ್ಲವನ್ನೂ ಅವ್ವನಿಗೆ ತಿಳಿಹೇಳುವ ಹೊಣೆ ನನ್ನದಾಯಿತು. ಆಕೆ ನನ್ನ ಮುಖವನ್ನು ನೋಡಿ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟೊತ್ತಿದಳು. ವೈದ್ಯರು ಎದೆಯನ್ನು ಸೀಳಲಿಲ್ಲ. ತೊಡೆಸಂದಿನ ಧಮನಿಯೊಳಗಿಂದ ನಳಿಕೆಯನ್ನು ತೂರಿಸಿ, ಇಕ್ಕಟ್ಟಾದೆಡೆ ಬಲೂನನ್ನು ಉಬ್ಬಿಸಿ, ಲೋಹದ ಜಾಲರಿಯ ಸ್ಟೆಂಟನ್ನು ನಿಲ್ಲಿಸಿದರು. ಹೃದಯದವರೆಗೆ ನಳಿಕೆ ತೂರಿಸುವ ಧೈರ್ಯವನ್ನು ತೋರಿದವರಾರೆಂದು ಹುಡುಕುವಾಗ ನನಗೆ ಸಿಕ್ಕಿದವನೇ ಈತನು.

ಫೋರ್ಸ್‌ಮನ್ನನು 1904ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡನು. ಕುದುರೆಯ ಕೊರಳ ರಕ್ತನಾಳದಿಂದ ಹೃದಯಕ್ಕೆ ಕೊಳವೆ ಇಳಿಸಿದ ಹಳೆಯ ಚಿತ್ರವೊಂದು ಆತನ ಮನಸ್ಸನ್ನು ಹಿಡಿದಿತ್ತು. ಕುದುರೆಗೆ ಆಗುವುದು ಮನುಷ್ಯನಿಗೇಕೆ ಆಗಬಾರದು? 1929ರಲ್ಲಿ ಎಬರ್ಸ್‌ವಾಲ್ಡೆಯ ಆಸ್ಪತ್ರೆಯಲ್ಲಿ ಆತನಿನ್ನೂ ಕಿರಿಯ ವೈದ್ಯ. ಮೇಲಧಿಕಾರಿ ಅನುಮತಿ ಕೊಡಲಿಲ್ಲ. ಉಪಕರಣಗಳು ದಾದಿ ಗೆರ್ಡಾ ಡಿಟ್ಸೆನ್ನಳ ವಶದಲ್ಲಿದ್ದವು. ಪ್ರಯೋಗವು ತನ್ನ ಮೇಲೆಯೇ ನಡೆಯಲೆಂದು ಆಕೆ ಮುಂದೆ ಬಂದಳು. ಫೋರ್ಸ್‌ಮನ್ನನು ಆಕೆಯನ್ನು ಮೇಜಿಗೆ ಕಟ್ಟಿ, ಗುಟ್ಟಾಗಿ ತನ್ನ ಎಡ ಮೊಳಕೈಯ ಅಭಿಧಮನಿಯನ್ನೇ ಕೊಯ್ದು ಕೊಳವೆಯನ್ನು ನುಗ್ಗಿಸಿದನು! ನಂಬಿಸಿ ಕಟ್ಟಿಹಾಕಿದ್ದು ನನಗೆ ಒಪ್ಪಿಗೆಯಾಗದು. ಅನಂತರ ಕೊಳವೆ ತೋಳಿನಲ್ಲಿರುವಂತೆಯೇ ಕ್ಷ-ಕಿರಣದ ಕೋಣೆಗೆ ನಡೆದನು. 65 ಸೆಂಟಿಮೀಟರ್ ಒಳಹೋದ ಕೊಳವೆಯ ತುದಿಯು ಹೃದಯದ ಬಲಭಾಗದಲ್ಲಿರುವುದು ಚಿತ್ರದಲ್ಲಿ ಮೂಡಿತು.

ಫಲವೇನು? ಬರ್ಲಿನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಸೌವರ್ಬ್ರುಖ್‌ನ ಕೈಕೆಳಗೆ ಸೇರಿದವನು ಅಲ್ಲಿ ನಿಲ್ಲಲಾಗಲಿಲ್ಲ. ಕೊನೆಗೆ ಹೃದಯವನ್ನು ಬಿಟ್ಟು ಮೂತ್ರಾಂಗಗಳ ವೈದ್ಯನಾದನು. 1932ರಲ್ಲಿ ನಾಟ್ಸಿ ಪಕ್ಷವನ್ನೂ ಸೇರಿದನು. ತನ್ನ ಜೀವವನ್ನು ಪಣವೊಡ್ಡಿದ ಮನುಷ್ಯ ಇತರರ ಜೀವಕ್ಕೆ ಬೆಲೆಯಿಲ್ಲದ ಪಕ್ಷವನ್ನು ಹೇಗೆ ಸೇರಿದನೋ! ಯುದ್ಧದಲ್ಲಿ ಸೈನ್ಯದ ವೈದ್ಯನಾಗಿದ್ದು, ಸೆರೆಸಿಕ್ಕಿ, ಬಿಡುಗಡೆಯಾದ ಮೇಲೆ ಮರ ಕಡಿದು ಹೊಟ್ಟೆ ಹೊರೆದನು. ಬಳಿಕ ಹಳ್ಳಿಯ ವೈದ್ಯನಾದನು.

ಅತ್ತ ನ್ಯೂಯಾರ್ಕಿನಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಎಂಬವರು ಅದೇ ಕೊಳವೆಯಿಂದ ಹೃದಯದ ಒತ್ತಡವನ್ನು ಅಳೆಯುತ್ತಿದ್ದರು. 1956ರಲ್ಲಿ ಅವರೊಡನೆ ಫೋರ್ಸ್‌ಮನ್ನನಿಗೂ ನೊಬೆಲ್ ಪಾರಿತೋಷಕ ಬಂದಿತು. ಆಗ ಆತನು ಬಾಡ್ ಕ್ರಾಯ್ಟ್ಸ್‌ನಾಖ್ ಎಂಬ ಊರಿನಲ್ಲಿದ್ದನು. 1979ರಲ್ಲಿ ತೀರಿಕೊಂಡನು.

ಈ ಕಥೆಯನ್ನು ಅಣ್ಣನಿಗೆ ಹೇಳಿದೆನು. ಅವನು ಈಗ ಮತ್ತೆ ಹೊಲಕ್ಕೆ ಹೋಗುತ್ತಾನೆ. ಎಲ್ಲವನ್ನೂ ಕೇಳಿ, ಆ ದಾದಿಗೆ ಏನು ಕೊಟ್ಟರೆಂದು ವಿಚಾರಿಸಿದನು. ಪಾರಿತೋಷಕ ಪಡೆದವರಲ್ಲಿ ಅವಳ ಹೆಸರಿಲ್ಲವೆಂದೆನು.