ಬಣ್ಣಗಳನ್ನು ಬೇರ್ಪಡಿಸಿದ ತ್ಸ್ವೆತ್

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಅಣ್ಣನ ಪ್ರಯೋಗಶಾಲೆಯಲ್ಲಿ ಕೆಲವು ದಿನ ಕಳೆದೆನು. ಅಲ್ಲಿಯ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದಲ್ಲಿ ಒಂದೇ ಕಾಲಂನಿಂದ ಹೊರಬಂದ ಅನಿಲವು ಇಬ್ಭಾಗವಾಗಿ ಎರಡು ಡಿಟೆಕ್ಟರುಗಳಿಗೆ ಹೋಗುತ್ತಿದ್ದಿತು. ಒಂದು ದಿನ ಒಂದೇ ವಸ್ತುವಿನ ಗುರುತು ಒಂದರಲ್ಲಿ ಎಂದಿನ ವೇಳೆಗೆ ಬಿದ್ದಿತು. ಇನ್ನೊಂದರಲ್ಲಿ ತುಸು ತಡವಾಗಿ, ಹರಡಿಕೊಂಡು ಬಿದ್ದಿತು. ಇವು ಎರಡು ಬೇರೆ ವಸ್ತುಗಳೆಂದು ನಾನು ತೀರ್ಪು ಕೊಟ್ಟೇಬಿಟ್ಟೆ. ಅಣ್ಣ ನಕ್ಕು, ಎರಡರಲ್ಲಿಯೂ ತಡವಾದರೆ ಕಾಲಂನ ಶಾಖ, ಅನಿಲದ ವೇಗ, ಸೋರಿಕೆಗಳನ್ನು ನೋಡಬೇಕೆಂದೂ, ಒಂದರಲ್ಲಿ ಮಾತ್ರ ತಡವಾದರೆ ದಾರಿ ಕವಲೊಡೆದ ಮುಂದಿನ ಭಾಗವನ್ನು ನೋಡಬೇಕೆಂದೂ ತಿಳಿಸಿದನು. ಹಾಗೆಯೇ ನೋಡಿದಾಗ ಆ ಡಿಟೆಕ್ಟರಿಗೆ ಸೇರಬೇಕಾದ ಮೇಕಪ್ ಅನಿಲವು ಕಡಮೆಯಾಗಿತ್ತು. ಸರಿಪಡಿಸಿದೊಡನೆ ಗುರುತುಗಳೆರಡೂ ಕೂಡಿಕೊಂಡವು.

ವಸ್ತುವನ್ನು ಸಂಶಯಿಸುವ ಮುನ್ನ ಅದು ಬಂದ ದಾರಿಯನ್ನು ಪರೀಕ್ಷಿಸಬೇಕು. ಈ ವಿದ್ಯೆಯ ಮೂಲಪುರುಷನ ಜೀವನವನ್ನು ಓದಿದಾಗ ಆ ಪಾಠ ನನಗೆ ಇನ್ನೂ ಚೆನ್ನಾಗಿ ಮನದಟ್ಟಾಯಿತು.

ಮಿಖಾಯಿಲ್ ತ್ಸ್ವೆತ್ 1872ರಲ್ಲಿ ಇಟಲಿಯ ಆಸ್ತಿಯಲ್ಲಿ ಹುಟ್ಟಿದನು. ತಂದೆ ರಷ್ಯದವನು, ತಾಯಿ ಇಟಲಿಯವಳು. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ತಾಯಿ ತೀರಿಕೊಂಡಳು. ಜಿನೀವಾದಲ್ಲಿ ಓದಿ 1896ರಲ್ಲಿ ಡಾಕ್ಟರ್ ಪದವಿ ಪಡೆದು ರಷ್ಯಕ್ಕೆ ಹೋದರೆ ಅಲ್ಲಿ ಆ ಪದವಿಗೆ ಮನ್ನಣೆಯಿಲ್ಲ! 1901ರಲ್ಲಿ ಕಜಾನಿನಲ್ಲಿ ಮತ್ತೆ ಮಾಸ್ಟರ್ ಪದವಿ ಗಳಿಸಬೇಕಾಯಿತು.

ಆಮೇಲೆ ವಾರ್ಸಾದಲ್ಲಿದ್ದಾಗ ಎಲೆಯ ಬಣ್ಣಗಳ ಬೆನ್ನುಹತ್ತಿದನು. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ಒತ್ತಿ ತುಂಬಿ, ಮೇಲಿನಿಂದ ಎಲೆಯ ಸಾರವನ್ನೂ ಬಳಿಕ ಶುದ್ಧ ದ್ರಾವಕವನ್ನೂ ಸುರಿದನು. ಜಾತ್ರೆಗೆ ಹೊರಟವರಲ್ಲಿ ಅಂಗಡಿಗೊಂದು ಕಡೆ ನಿಲ್ಲುವವರು ಹಿಂದುಳಿಯುತ್ತಾರೆ, ನಿಲ್ಲದವರು ಮುಂದೆ ಸಾಗುತ್ತಾರೆ. ಹಾಗೆಯೇ ಪುಡಿಗೆ ಹೆಚ್ಚು ಅಂಟುವ ಬಣ್ಣ ಹಿಂದುಳಿದು, ಕಡಮೆ ಅಂಟುವುದು ಮುಂದೋಡಿತು. ಹಸಿರು ಹಳದಿಯ ಪಟ್ಟೆಗಳು ಬೇರೆಬೇರೆಯಾಗಿ ನಿಂತವು. 1903ರಲ್ಲಿ ಇದನ್ನು ವಿದ್ವಾಂಸರ ಸಭೆಯಲ್ಲಿ ತಿಳಿಸಿ, 1906ರಲ್ಲಿ ಕ್ರೊಮ್ಯಾಟೋಗ್ರಫಿ, ಅಂದರೆ ಬಣ್ಣದ ಬರಹ, ಎಂದು ಹೆಸರಿಟ್ಟನು. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೂ ಬಣ್ಣವೇ!

ಪತ್ರಹರಿತ್ತು ಒಂದಲ್ಲ, ಎರಡು ಬಗೆ ಎಂದು ಅವನು ಸಾಧಿಸಿದನು. ಹಲವರು ಒಪ್ಪಲಿಲ್ಲ. ಸಸ್ಯವರ್ಣಗಳ ಸಂಶೋಧನೆಗಾಗಿ 1915ರಲ್ಲಿ ನೊಬೆಲ್ ಪಡೆದ ವಿಲ್‌ಸ್ಟೇಟರನೂ ಈ ವಿಧಾನವನ್ನು ನಂಬಲಿಲ್ಲ. ಆದರೆ ಅವನು ಬಳಸಿದ ಪುಡಿ ತೀಕ್ಷ್ಣವಾದುದು. ಪತ್ರಹರಿತ್ತು ಅದರಲ್ಲಿಯೇ ಕೆಟ್ಟುಹೋಗುತ್ತಿತ್ತು. ತ್ಸ್ವೆತ್ ನೂರಕ್ಕೂ ಹೆಚ್ಚು ಪುಡಿಗಳನ್ನು ಪರೀಕ್ಷಿಸಿ ಸೌಮ್ಯವಾದವನ್ನು ಆರಿಸಿಕೊಂಡಿದ್ದನು. ದೋಷವಿದ್ದುದು ದಾರಿಯಲ್ಲಿ, ಅಪವಾದ ಬಂದುದು ಅವನ ಮೇಲೆ.

1915ರಲ್ಲಿ ಯುದ್ಧ ಅವನನ್ನು ವಾರ್ಸಾದಿಂದ ಓಡಿಸಿತು. ಊರಿಂದೂರಿಗೆ ಅಲೆದು, ಆರೋಗ್ಯ ಕೆಟ್ಟು, 1919ರ ಜೂನ್ 26ರಂದು ವೊರೊನೆಜ್‌ನಲ್ಲಿ 47ನೆಯ ವಯಸ್ಸಿನಲ್ಲಿ ಕಾಲವಾದನು. 1931ರಲ್ಲಿ ಹೈಡೆಲ್‌ಬರ್ಗಿನ ಕೂನ್, ವಿಂಟರ್‌ಸ್ಟೈನ್, ಲೆಡರರ್ ಇವರು ಅದೇ ವಿಧಾನದಿಂದ ಕೆರೋಟಿನ್‌ಗಳನ್ನು ಬೇರ್ಪಡಿಸಿದ ಮೇಲೆಯೇ ಲೋಕ ಕಣ್ಣು ತೆರೆಯಿತು. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಅದನ್ನು ಅನಿಲದ ಹಾದಿಗೆ ಹೂಡಿದರು. ಅಣ್ಣನ ಯಂತ್ರ ಆ ಬಳ್ಳಿಯ ಕುಡಿ.

ಈಗ ಯಾವ ಗುರುತು ತಪ್ಪಿ ಬಿದ್ದರೂ ತೀರ್ಪಿಗೆ ಅವಸರಪಡುವುದಿಲ್ಲ. ವಾರ್ಸಾದ ಆ ಸೀಮೆಸುಣ್ಣದ ಕೊಳವೆಯನ್ನು ನೆನೆದು, ಮೊದಲು ದಾರಿಯನ್ನು ನೋಡುತ್ತೇನೆ.