ಮಕ್ಕಳನ್ನು ಅಳೆದ ಆಲ್ಫ್ರೆಡ್ ಬಿನೆ

ಆಲ್ಫ್ರೆಡ್ ಬಿನೆಯವರು ೧೮೫೭ರ ಜುಲೈ ತಿಂಗಳಿನಲ್ಲಿ ನೀಸ್ ನಗರದಲ್ಲಿ ಜನಿಸಿದರು. ತಂದೆ ವೈದ್ಯರು, ತಾಯಿ ಚಿತ್ರಕಲಾವಿದೆ. ಅವರಿಬ್ಬರೂ ಬೇರ್ಪಟ್ಟುದರಿಂದ ಬಾಲಕನು ತಾಯಿಯ ಆಶ್ರಯದಲ್ಲಿಯೇ ಬೆಳೆದನು. ೧೮೭೮ರಲ್ಲಿ ಕಾನೂನಿನ ಪದವಿ ದೊರೆತರೂ ಆ ವೃತ್ತಿ ಅವರಿಗೆ ರುಚಿಸಲಿಲ್ಲ. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು, ಗುರುವಿನ ನೆರವಿಲ್ಲದೆ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅನಂತರ ಸುಪ್ರಸಿದ್ಧ ವೈದ್ಯ ಶಾರ್ಕೋರವರ ಆಸ್ಪತ್ರೆಯನ್ನು ಸೇರಿ, ಸಂಮೋಹನಕ್ಕೊಳಗಾದ ರೋಗಿಯ ಲಕ್ಷಣಗಳನ್ನು ಅಯಸ್ಕಾಂತದಿಂದ ದೇಹದ ಒಂದು ಪಾರ್ಶ್ವದಿಂದ ಇನ್ನೊಂದಕ್ಕೆ ಸಾಗಿಸಬಹುದೆಂದು ಸಾರಿದರು. ರೋಗಿಗೆ ಮುಂಚಿತವಾಗಿ ಸೂಚನೆ ಸಿಕ್ಕುತ್ತಿದ್ದುದೇ ಇದರ ರಹಸ್ಯವೆಂದು ಬೆಲ್ಜಿಯಂ ದೇಶದ ಒಬ್ಬ ವಿದ್ವಾಂಸರು ತೋರಿಸಿಕೊಟ್ಟಾಗ, ಬಹಿರಂಗವಾಗಿ ತಪ್ಪೊಪ್ಪಿಕೊಳ್ಳಬೇಕಾಯಿತು. ಈ ಪೆಟ್ಟನ್ನು ಅವರು ಮರೆತಂತೆ ತೋರುವುದಿಲ್ಲ. ಮುಂದೆ ತಲೆಯ ಅಳತೆಯಿಂದ ಬುದ್ಧಿಯನ್ನು ನಿರ್ಣಯಿಸಹೊರಟಾಗ, ಅಳೆಯುವವನ ನಿರೀಕ್ಷೆಯೇ ಅಳತೆಯನ್ನು ಬಾಗಿಸುವುದನ್ನು ಕಂಡು ಆ ಮಾರ್ಗವನ್ನು ತಾವಾಗಿಯೇ ತ್ಯಜಿಸಿದರು.

೧೮೮೪ರಲ್ಲಿ ಅವರ ವಿವಾಹವಾಯಿತು. ಮದ್ಲೇನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳೇ ಅವರ ನಿಜವಾದ ಗುರುಗಳಾದರೆಂದರೆ ಸಲ್ಲುತ್ತದೆ. ನಡೆಯಲು ಕಲಿಯುವಾಗ ಹಿರಿಯವಳು ಆಸರೆಯಿಂದ ಆಸರೆಗೆ ದೂರವನ್ನು ಕಣ್ಣಿನಿಂದಲೇ ಅಂದಾಜು ಮಾಡಿ, ಗಂಭೀರವಾಗಿ ಹೆಜ್ಜೆಯಿಡುವಳು. ಕಿರಿಯವಳಾದರೋ ಕೇಕೆ ಹಾಕುತ್ತ, ಆಸರೆಯ ಪರಿವೆಯಿಲ್ಲದೆ ಕೋಣೆಯ ನಡುವಿಗೇ ನುಗ್ಗುವಳು. ಒಂದೇ ಮನೆ, ಒಂದೇ ಊಟ, ಅದೇ ತಾಯಿತಂದೆ. ಆದರೂ ಇಷ್ಟು ಅಂತರ! ತಾಯಂದಿರೆಲ್ಲ ಬಲ್ಲ ಈ ಸಂಗತಿಯನ್ನು ಶಾಸ್ತ್ರಕ್ಕೆ ಯೋಗ್ಯವೆಂದು ಬಗೆದು ಬಿನೆಯವರು ೧೮೯೦ರಲ್ಲಿ ಪ್ರಕಟಿಸಿದರು. ಹುಡುಗಿಯರು ಬೆಳೆದಂತೆ ಶಬ್ದಗಳನ್ನು ಬರೆಯಿಸಿ, ವಸ್ತುಗಳನ್ನು ವರ್ಣಿಸಹೇಳಿ ಪರೀಕ್ಷಿಸಿದರು. ಒಬ್ಬಳ ಮನಸ್ಸು ಕಂಡುದನ್ನು ಬಿಗಿಯಾಗಿ ಹಿಡಿಯುವಂಥದು, ಇನ್ನೊಬ್ಬಳದು ಕಲ್ಪನೆಯಲ್ಲಿ ವಿಹರಿಸುವಂಥದು. ೧೯೦೩ರಲ್ಲಿ ಹೊರಬಂದ ಅವರ ಗ್ರಂಥಕ್ಕೆ ಇದೇ ಆಧಾರ.

೧೯೦೪ರಲ್ಲಿ ಫ್ರೆಂಚ್ ಸರಕಾರವು ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ವಿಚಾರಕ್ಕಾಗಿ ಒಂದು ಮಂಡಲಿಯನ್ನು ನೇಮಿಸಿತು. ಬಿನೆಯವರೂ ಅದರ ಸದಸ್ಯರಾದರು. ಉಪಾಧ್ಯಾಯರ ಬೇಸರಕ್ಕೋ ವೈದ್ಯರ ಊಹೆಗೋ ಒಳಗಾಗಿ ಯಾವ ಮಗುವೂ ಸಾಮಾನ್ಯ ಶಾಲೆಯಿಂದ ಹೊರಬೀಳಬಾರದು, ಮೊದಲು ಪರೀಕ್ಷೆ ನಡೆಯಬೇಕೆಂಬುದು ಉದ್ದೇಶ. ತರುಣ ವೈದ್ಯ ತೆಯೊಡೋರ್ ಸಿಮೋನರೊಡಗೂಡಿ ೧೯೦೫ರಲ್ಲಿ ೩೦ ಪ್ರಶ್ನೆಗಳ ಮಾಪಕವನ್ನು ರಚಿಸಿದರು. ೧೯೦೮ರಲ್ಲಿ ಪ್ರಶ್ನೆಗಳನ್ನು ೩ರಿಂದ ೧೩ ವರ್ಷಗಳ ವಯೋಮಾನಕ್ಕೆ ತಕ್ಕಂತೆ ಜೋಡಿಸಿದರು: ಮೂರರ ಮಗು ಮೂಗು, ಕಣ್ಣು, ಬಾಯಿಗಳನ್ನು ತೋರಿಸಬೇಕು, ಐದರದು ಎರಡು ತೂಕಗಳಲ್ಲಿ ಭಾರವಾದುದು ಯಾವುದೆಂದು ಹೇಳಬೇಕು.

ಪ್ಯಾರಿಸಿನ ಬಡ ಬಡಾವಣೆಗಳ ಶಾಲೆಗಳಲ್ಲಿ ಸಿದ್ಧವಾದ ಈ ಪ್ರಶ್ನೆಗಳನ್ನು ಬ್ರಸೆಲ್ಸಿನ ಖಾಸಗಿ ಶಾಲೆಯೊಂದರಲ್ಲಿ ಕೇಳಿದಾಗ, ಅಲ್ಲಿಯ ಅನುಕೂಲಸ್ಥರ ಮಕ್ಕಳು ವಯಸ್ಸಿಗಿಂತ ಬಹಳ ಮುಂದಿದ್ದುದು ಕಂಡುಬಂದಿತು. ಬಿನೆಯವರು ಇದನ್ನು ಮರೆಮಾಚಲಿಲ್ಲ. ವಿದ್ಯಾವಂತರ ಮನೆಯ ಮಕ್ಕಳು ವಿಶೇಷವಾಗಿ ಭಾಷೆಯ ಪ್ರಶ್ನೆಗಳಲ್ಲಿ ಮುಂದೆಂಬುದನ್ನು ಗುರುತಿಸಿದರು. ಮನೆಯಲ್ಲಿ ಕೇಳುವ ಮಾತೇ ಅಂಕವಾಗಿ ಬರುವುದಾದರೆ, ಅಳೆಯುತ್ತಿರುವುದು ಮಗುವನ್ನೋ ಮನೆಯನ್ನೋ? ಪರಭಾಷೆಯ ಊರಿನಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ನಮ್ಮ ವಾಚಕರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುದ್ಧಿಯು ಬದಲಾಗದ ಗಂಟೆಂಬ ಅಭಿಪ್ರಾಯವನ್ನು ೧೯೦೯ರ ತಮ್ಮ ಗ್ರಂಥದಲ್ಲಿ ಅವರು ಕಟುವಾಗಿ ಖಂಡಿಸಿದರು. ಗಮನವನ್ನೂ ಇಚ್ಛಾಶಕ್ತಿಯನ್ನೂ ಅಭ್ಯಾಸದಿಂದ ಬೆಳೆಸಬಹುದೆಂಬುದು ಅವರ ನಂಬಿಕೆ.

೧೯೧೧ರ ಅಕ್ಟೋಬರ್ ೧೮ರಂದು, ೫೪ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಮರುವರ್ಷವೇ ಜರ್ಮನಿಯ ಸ್ಟರ್ನ್ ಎಂಬವರು ಮಗುವನ್ನು ಒಂದೇ ಅಂಕಿಗೆ ಇಳಿಸುವ ಲೆಕ್ಕವನ್ನು ಹೂಡಿದರು. ಅಮೇರಿಕೆಯ ಗೊಡ್ಡಾರ್ಡರು ಇದೇ ಪರೀಕ್ಷೆಯನ್ನು ಎಲ್ಲಿಸ್ ದ್ವೀಪಕ್ಕೆ ಒಯ್ದು, ಹಡಗಿನಿಂದಿಳಿದ ಬಡ ವಲಸೆಗಾರರನ್ನು ದುಭಾಷಿಗಳ ಮೂಲಕ ಪರೀಕ್ಷಿಸಿ, ಅವರಲ್ಲಿ ಬಹುಮಂದಿಯನ್ನು ಮಂದಬುದ್ಧಿಗಳೆಂದು ಬರೆದರು. ಬಿನೆಯವರು ಇದ್ದಿದ್ದರೆ ಒಪ್ಪುತ್ತಿರಲಿಲ್ಲವೆಂದೇ ನಮ್ಮ ಎಣಿಕೆ.

ಮುಂಬಯಿ ಪ್ರಾಂತದಲ್ಲಿ ಡಾ. ವಿ. ವಿ. ಕಾಮತರು ಬೇರೆ ದಾರಿ ಹಿಡಿದರು. ಬಿನೆಯವರ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ ೧೯೩೪ರಲ್ಲಿ ಲೇಖನವನ್ನೂ, ೧೯೪೦ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಪ್ಯಾರಿಸಿನ ಮಕ್ಕಳಿಗೆಂದು ಹುಟ್ಟಿದ ಪ್ರಶ್ನೆಗಳನ್ನು ಹೀಗೆ ನಮ್ಮ ಹುಡುಗರು ತಮ್ಮ ತಾಯ್ನುಡಿಯಲ್ಲಿ ಕೇಳಿ ಉತ್ತರಿಸಿದರು.